ಬ್ರೇಕಿಲ್ಲದ ದೋಣಿಗೆ ಬಕೆಟ್ಟೇ ಬ್ರೇಕು

ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಬಸ್ಸು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಚಾಲಕರು ಬ್ರೇಕ್ ಒತ್ತುತ್ತಾರೆ, ಚಕ್ರಗಳ ತಿರುಗಾಟ ನಿಧಾನವಾಗುತ್ತದೆ, ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಬಸ್ಸು ನಿಲ್ಲುತ್ತದೆ. ಅಲ್ಲಿಂದ ಎರಡು ಕಿಲೋಮೀಟರಿನಷ್ಟು ಪೂರ್ವಕ್ಕೆ ಹೋದರೆ ಹಲಸೂರು ಕೆರೆ. ಆ ಕೆರೆಯ ಮೇಲೆ ಒಂದು ಮೋಟಾರು ದೋಣಿ ದಡದ ಕಟ್ಟೆಯ ಕಡೆಗೆ ಬರುತ್ತಿದೆ ಎಂದುಕೊಳ್ಳಿ. ಅದನ್ನು ನಿಲ್ಲಿಸುವುದು ಹೇಗೆ? ದೋಣಿಗೆ ಚಕ್ರವಿಲ್ಲ. ಕೆಳಗೆ ರಸ್ತೆಯೂ ಇಲ್ಲ. ಯಾವ ಕಂಪನಿಯ ದೋಣಿಯನ್ನಾದರೂ ತಂದು ತಡಕಾಡಿ, ಬ್ರೇಕ್ ಪೆಡಲ್ ಮಾತ್ರ ಸಿಗುವುದಿಲ್ಲ.

ದೋಣಿಯನ್ನು ನಿಧಾನ ಮಾಡಬಲ್ಲದ್ದು ಒಂದೇ, ಅದು ನೀರು. ಆದರೆ ನೀರಿಗೆ ಒಂದು ವಿಚಿತ್ರ ಗುಣವಿದೆ. ವೇಗವಾಗಿ ಬರುವ ದೋಣಿಯನ್ನು ಅದು ಬಲವಾಗಿ ತಡೆಯುತ್ತದೆ. ನಿಧಾನವಾಗಿ ಬರುವ ದೋಣಿಯನ್ನು ತಡೆಯುವುದನ್ನೇ ಮರೆತಂತೆ ಸುಮ್ಮನಿರುತ್ತದೆ! ಈ ಗುಣದಿಂದ ದೋಣಿ ನಡೆಸುವವರಿಗೂ ಒಂದು ಬಗೆಯ ಮೀನು ಹಿಡಿಯುವವರಿಗೂ ಆಗುವ ತೊಂದರೆ ಏನು, ಅದಕ್ಕೆ ಅವರು ಕಂಡುಕೊಂಡ ಉಪಾಯ ಏನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಗಾಳ ಎಳೆಯುವ ದೋಣಿ

ರಸೆಲ್ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿಸಿದ ಅಂಜಲ್ ಮೀನನ್ನು ನೋಡಿರಬಹುದು. ಉದ್ದನೆಯ, ಬೆಳ್ಳಿ ಮೈಯ ಸಮುದ್ರದ ಮೀನು. ಚಿಕ್ಕ ಮೀನುಗಳನ್ನು ಅಟ್ಟಿಸಿಕೊಂಡು ಹೋಗಿ ತಿನ್ನುವುದು ಅದರ ಸ್ವಭಾವ. ಇಂಥ ಮೀನುಗಳನ್ನು ಬಲೆಯಲ್ಲೂ ಹಿಡಿಯುತ್ತಾರೆ, ಗಾಳದಲ್ಲೂ ಹಿಡಿಯುತ್ತಾರೆ. ಗಾಳದಲ್ಲಿ ಹಿಡಿಯುವ ಒಂದು ವಿಧಾನ ಹೀಗಿದೆ: ದೋಣಿಯ ಹಿಂದೆ ಉದ್ದನೆಯ ದಾರ ಬಿಟ್ಟು, ಅದರ ತುದಿಗೆ ಮರಿಮೀನಿನಂತೆ ಕಾಣುವ ಹೊಳೆಯುವ ತಗಡನ್ನೋ ಗರಿಯನ್ನೋ ಕಟ್ಟಿ, ಅದರಲ್ಲಿ ಕೊಕ್ಕೆ ಅಡಗಿಸಿ, ದೋಣಿಯನ್ನು ನಡೆಸುತ್ತಾ ಹೋಗುವುದು. ಮರಿಮೀನು ಓಡುತ್ತಿದೆ ಎಂದು ದೊಡ್ಡ ಮೀನು ಬಾಯಿ ಹಾಕುತ್ತದೆ. ಇದಕ್ಕೆ ಟ್ರೋಲಿಂಗ್ ಎಂದು ಹೆಸರು. ಲಕ್ಷದ್ವೀಪದ ಮೀನುಗಾರರು ಇದನ್ನು ಬಲ್ಲರು. ಅಮೆರಿಕ, ಕೆನಡಾಗಳ ದೊಡ್ಡ ಸರೋವರಗಳಲ್ಲಿ ಟ್ರೌಟ್, ಸಾಲ್ಮನ್ ಮೀನುಗಳಿಗೂ ಇದೇ ವಿಧಾನ ಬಳಸುತ್ತಾರೆ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಮಲ್ಪೆ, ಮಂಗಳೂರು ಬಂದರುಗಳ ಟ್ರಾಲ್ ದೋಣಿಗಳ ಬಗ್ಗೆ ಪತ್ರಿಕೆಯಲ್ಲಿ ಓದಿರುತ್ತೀರಿ. ಅದು ಟ್ರಾಲಿಂಗ್. ಚೀಲದಂಥ ದೊಡ್ಡ ಬಲೆಯನ್ನು ದೋಣಿಯ ಹಿಂದೆ ಎಳೆಯುವುದು. ಎರಡರ ಹೆಸರೂ ಹತ್ತಿರ, ಎರಡರಲ್ಲೂ ದೋಣಿ ನಿಧಾನವಾಗಿಯೇ ಹೋಗಬೇಕು. ಆದರೆ ಟ್ರಾಲ್ ದೋಣಿಯವರಿಗೆ ನಿಧಾನ ಮಾಡುವ ಚಿಂತೆಯೇ ಇಲ್ಲ. ಅಷ್ಟು ದೊಡ್ಡ ಬಲೆ ಹಿಂದೆ ನೀರು ತುಂಬಿಕೊಂಡು ಎಳೆಯುತ್ತಿರುವಾಗ ಇಂಜಿನ್ ಎಷ್ಟೇ ಗುಡುಗಿದರೂ ದೋಣಿ ಗಂಟೆಗೆ ಸುಮಾರು 4ರಿಂದ 7 ಕಿಲೋಮೀಟರ್ ಹೋದರೆ ಹೆಚ್ಚು. ಬಲೆಯೇ ಬ್ರೇಕು! ಗಾಳದ ದಾರವಾದರೋ ಕೂದಲಿನಷ್ಟು ತೆಳು. ಅದು ದೋಣಿಯನ್ನು ತಡೆಯುವುದೇ ಇಲ್ಲ ಎನ್ನಬಹುದು. ದೋಣಿ ಓಡಿಬಿಡುತ್ತದೆ.

ಓಡಿದರೆ ಏನು ಕಷ್ಟ? ಸಮುದ್ರದ ವೇಗದ ಮೀನುಗಳಿಗೆ ಗಾಳ ಸ್ವಲ್ಪ ಜೋರಾಗಿ ಹೋದರೂ ನಡೆಯುತ್ತದೆ. ಸರೋವರದ ಟ್ರೌಟ್‌ನಂಥ ಮೀನುಗಳಿಗೆ ಗಂಟೆಗೆ 2ರಿಂದ 4 ಕಿಲೋಮೀಟರ್ ಸಾಕು. ನೀವು ಶಾಲೆಗೆ ಕಾಲೆಳೆದುಕೊಂಡು ಬರುವ ವೇಗ ಅದು. ಅದಕ್ಕಿಂತ ಜೋರಾದರೆ ತಗಡಿನ ಮೀನು ಬಳುಕುವುದನ್ನು ಬಿಟ್ಟು ಬುಗುರಿಯಂತೆ ಸುತ್ತತೊಡಗುತ್ತದೆ. ಜೊತೆಗೆ ಮೇಲಕ್ಕೇ ಏಳುತ್ತದೆ. ಕೆಳಗಿನ ಮೀನಿಗೆ ಅದು ಕಾಣುವುದೇ ಇಲ್ಲ.

ನಮ್ಮ ಹಲಸೂರಿನಲ್ಲೋ ಕೆ.ಆರ್. ಪುರದ ಕಡೆಯ ಕೆರೆಗಳಲ್ಲೋ ಹೀಗೆ ಗಾಳ ಎಳೆಯುವವರು ಕಾಣದಿರುವುದಕ್ಕೂ ಕಾರಣವಿದೆ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲ, ರೋಹು ಮೀನುಗಳು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಪಾಚಿ ಮತ್ತು ಸಸ್ಯದ ಚೂರುಗಳನ್ನು ತಿಂದು ಬದುಕುವಂಥವು. ಓಡುವ ಮರಿಮೀನಿನ ಹಿಂದೆ ಬೀಳುವ ಜಾತಿಯಲ್ಲ. ಅವಕ್ಕೆ ತೆಪ್ಪದಲ್ಲೋ ಹರಿಗೋಲಿನಲ್ಲೋ ಹೋಗಿ ಬಲೆ ಬೀಸುವುದೇ ಸರಿ.

ಇಂಜಿನ್ ನಿಧಾನ ಮಾಡಿದರೆ ಸಾಲದೇ?

ಈ ಪ್ರಶ್ನೆ ನಿಮಗೆ ಬಂದೇ ಬಂದಿರುತ್ತದೆ. ಇದಕ್ಕೆ ಉತ್ತರ ಒಂದು ತಿರುಪುಮೊಳೆಯಲ್ಲಿದೆ. ಒಂದು ತಿರುಪುಮೊಳೆಯನ್ನು ಬಟ್ಟೆ ಒಗೆಯುವ ಸಾಬೂನಿನೊಳಕ್ಕೆ ತಿರುಗಿಸಿ. ಒಂದು ಸುತ್ತಿಗೆ ಅದು ಒಂದು ನಿರ್ದಿಷ್ಟ ದೂರ ಒಳಹೋಗುತ್ತದೆ. ಹತ್ತು ಸುತ್ತು ತಿರುಗಿಸಿ ಅಳೆದು, ಹತ್ತರಿಂದ ಭಾಗಿಸಿದರೆ ಒಂದು ಸುತ್ತಿನ ದೂರ ಸಿಗುತ್ತದೆ. ದೋಣಿಯ ಹಿಂದಿನ ಪ್ರೊಪೆಲರ್ ಕೂಡ ನೀರಿನೊಳಗೆ ಹೋಗುವ ಒಂದು ತಿರುಪೇ. ಸಾಧಾರಣ ಮೋಟಾರು ದೋಣಿಯ ಪ್ರೊಪೆಲರ್ ಒಂದು ಸುತ್ತಿಗೆ 33 ಸೆಂಟಿಮೀಟರ್ ಮುಂದೆ ಹೋಗುವಂತೆ ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ.

ಇಂಜಿನ್ನನ್ನು ಎಷ್ಟು ನಿಧಾನ ಮಾಡಬಹುದು? ನಿಂತಿರುವ ಆಟೋರಿಕ್ಷಾ ಗುಡುಗುಡು ಎನ್ನುತ್ತಿರುತ್ತದಲ್ಲ, ಅದಕ್ಕಿಂತ ಕಡಿಮೆ ಮಾಡಿದರೆ ಇಂಜಿನ್ ಆಫ್ ಆಗುತ್ತದೆ. ದೋಣಿಯ ಇಂಜಿನ್ನಿಗೂ ಹೀಗೊಂದು ಕನಿಷ್ಠ ಮಿತಿ ಇದೆ. ಅದು ನಿಮಿಷಕ್ಕೆ 700 ಸುತ್ತು ಎಂದುಕೊಳ್ಳಿ. ಹಲ್ಲುಚಕ್ರಗಳ ಮೂಲಕ ಪ್ರೊಪೆಲರ್ ಅದರ ಅರ್ಧ, ಅಂದರೆ 350 ಸುತ್ತು ತಿರುಗುತ್ತದೆ. ಈಗ ಲೆಕ್ಕ ಮಾಡಿ.

350 × 33 = 11,550 ಸೆಂಟಿಮೀಟರ್, ಅಂದರೆ ನಿಮಿಷಕ್ಕೆ 115.5 ಮೀಟರ್.
115.5 × 60 = 6,930 ಮೀಟರ್, ಅಂದರೆ ಗಂಟೆಗೆ ಸುಮಾರು 7 ಕಿಲೋಮೀಟರ್.

ನೀರು ಸಾಬೂನಿನಂತೆ ಗಟ್ಟಿಯಲ್ಲ, ಜಾರುತ್ತದೆ. ಆದ್ದರಿಂದ ನಿಜವಾದ ವೇಗ ಇದಕ್ಕಿಂತ ಕಡಿಮೆ, ಸುಮಾರು 5 ಎನ್ನಿ. ನಮಗೆ ಬೇಕಾದದ್ದು 2 ಅಥವಾ 3. ಇಂಜಿನ್ ತನ್ನಿಂದಾದಷ್ಟು ನಿಧಾನವಾಗಿ ತಿರುಗುತ್ತಿದೆ, ಆದರೂ ದೋಣಿ ಎರಡು ಪಟ್ಟು ಜೋರಾಗಿದೆ! ಹಳೆಯ ಮಾದರಿಯ ಇಂಜಿನ್ನುಗಳನ್ನು ಹೀಗೆ ಗಂಟೆಗಟ್ಟಲೆ ಗುಡುಗುಡು ಎನಿಸಿದರೆ ಸ್ಪಾರ್ಕ್ ಪ್ಲಗ್ಗಿನ ಮೇಲೆ ಮಸಿ ಕೂರುವ ತಾಪತ್ರಯ ಬೇರೆ.

ನೀರಿನ ವಿಚಿತ್ರ ಗುಣ

ನೀರಿನಲ್ಲಿ ಸಾಗುವ ವಸ್ತುವನ್ನು ನೀರು ಹಿಂದಕ್ಕೆ ತಳ್ಳುತ್ತದೆ. ಈ ಬಲಕ್ಕೆ ರೋಧಬಲ ಎನ್ನೋಣ. ವೇಗ ಎರಡು ಪಟ್ಟಾದರೆ ರೋಧಬಲವೂ ಎರಡು ಪಟ್ಟಾಗಬೇಕು ಎಂದು ಅನಿಸುವುದು ಸಹಜ. ಆದರೆ ಅದು ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ರೋಧ ಒಂಬತ್ತು ಪಟ್ಟು.

ಏಕೆ ಹೀಗೆ? ದೋಣಿ ಎರಡು ಪಟ್ಟು ವೇಗವಾಗಿ ಹೋದರೆ ಒಂದು ಸೆಕೆಂಡಿನಲ್ಲಿ ಅದಕ್ಕೆ ಎದುರಾಗುವ ನೀರು ಎರಡು ಪಟ್ಟು. ಅಷ್ಟೇ ಅಲ್ಲ, ಆ ನೀರಿನ ಪ್ರತಿಯೊಂದು ಹನಿಯನ್ನೂ ಎರಡು ಪಟ್ಟು ಜೋರಾಗಿ ಪಕ್ಕಕ್ಕೆ ತಳ್ಳಬೇಕು. ಎರಡು ಪಟ್ಟು ನೀರು, ಎರಡು ಪಟ್ಟು ಜೋರು, ಒಟ್ಟು ನಾಲ್ಕು ಪಟ್ಟು.

ಈಗ ಇದನ್ನೇ ತಿರುಗಿಸಿ ನೋಡಿ. ವೇಗ ಅರ್ಧಕ್ಕೆ ಇಳಿದರೆ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಲು ಭಾಗಕ್ಕೆ ಇಳಿದರೆ ರೋಧ ಹದಿನಾರರಲ್ಲಿ ಒಂದು ಪಾಲು. ದೋಣಿ ನಿಧಾನವಾದಷ್ಟೂ ಅದನ್ನು ಇನ್ನೂ ನಿಧಾನ ಮಾಡಲು ನೀರಿಗೆ ಶಕ್ತಿ ಸಾಲದು. ವೇಗದ ದೋಣಿಯನ್ನು ನಿಧಾನ ಮಾಡುವುದು ಸುಲಭ, ನಿಧಾನದ ದೋಣಿಯನ್ನು ಇನ್ನಷ್ಟು ನಿಧಾನ ಮಾಡುವುದೇ ಕಷ್ಟ. ಗಾಳ ಎಳೆಯುವವರ ಫಜೀತಿ ಇದೇ.

ಹಾಗಾದರೆ ದಾರಿ? ರೋಧ ವೇಗವನ್ನು ಮಾತ್ರ ಅವಲಂಬಿಸಿಲ್ಲ, ನೀರಿಗೆ ಎದುರಾಗುವ ಕ್ಷೇತ್ರಫಲವನ್ನೂ ಅವಲಂಬಿಸಿದೆ. ವೇಗ ಹೆಚ್ಚಿಸದೆ ರೋಧ ಹೆಚ್ಚಬೇಕಾದರೆ ಕ್ಷೇತ್ರಫಲ ಹೆಚ್ಚಬೇಕು. ದೋಣಿಯ ಮೂತಿಯನ್ನು ಅಗಲ ಮಾಡಲಾಗುವುದಿಲ್ಲ. ಆದರೆ ಒಂದು ಬಕೆಟ್ಟಿಗೆ ಹಗ್ಗ ಕಟ್ಟಿ ನೀರಿಗೆ ಬಿಡಬಹುದಲ್ಲ!

ಬಕೆಟ್ಟಿನ ಲೆಕ್ಕ

ಏಳನೇ ತರಗತಿಯವರು ಈ ಲೆಕ್ಕ ಮಾಡಬಲ್ಲರು. ಬಕೆಟ್ಟಿನ ಬಾಯಿಯ ವ್ಯಾಸ 28 ಸೆಂಟಿಮೀಟರ್. ತ್ರಿಜ್ಯ 14. ಬಾಯಿಯ ಕ್ಷೇತ್ರಫಲ 22/7 × 14 × 14 = 616 ಚದರ ಸೆಂಟಿಮೀಟರ್. ಇಂಥ ಬಕೆಟ್ಟನ್ನು ಬಾಯಿ ಮುಂದಾಗಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ (ಗಂಟೆಗೆ 3.6 ಕಿಲೋಮೀಟರ್) ನೀರಿನಲ್ಲಿ ಎಳೆದರೆ ಅದು ಹಿಂದಕ್ಕೆ ಎಳೆಯುವ ಬಲ ಸುಮಾರು 4 ಕಿಲೋ ತೂಕದಷ್ಟು. ಸೆಕೆಂಡಿಗೆ 2 ಮೀಟರ್ ಆದರೆ? 8 ಕಿಲೋ ಅಲ್ಲ, 16 ಕಿಲೋ. ಸೆಕೆಂಡಿಗೆ 5 ಮೀಟರ್ ಆದರೆ 4 × 25, ಅಂದರೆ 100 ಕಿಲೋ! ಬಕೆಟ್ಟಿನ ಹಿಡಿಕೆ ಕಿತ್ತು ಬರುತ್ತದೆ. ಆದ್ದರಿಂದಲೇ ದೋಣಿಯವರು ಮೊದಲು ಇಂಜಿನ್ನನ್ನು ಪೂರ್ತಿ ನಿಧಾನ ಮಾಡಿ, ಆಮೇಲೆ ಬಕೆಟ್ ಇಳಿಸುತ್ತಾರೆ.

ಬಕೆಟ್ಟಿನ ಬದಲು ಕ್ಯಾನ್ವಾಸ್ ಬಟ್ಟೆಯ ಆಲಿಕೆಯಾಕಾರದ ಚೀಲವನ್ನೂ ಬಳಸುತ್ತಾರೆ. ನೀರಿನಲ್ಲಿ ತೆರೆದುಕೊಳ್ಳುವ ಪ್ಯಾರಾಚೂಟ್ ಎನ್ನಬಹುದು. ಅದರ ಬಾಲದ ಕಡೆ ಒಂದು ಚಿಕ್ಕ ರಂಧ್ರ ಬಿಟ್ಟಿರುತ್ತಾರೆ. ರಂಧ್ರವಿಲ್ಲದಿದ್ದರೆ ಒಳಗೆ ತುಂಬಿದ ನೀರು ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ಉಕ್ಕಿ ಚೀಲ ಅತ್ತಿಂದಿತ್ತ ಹೊಯ್ದಾಡುತ್ತದೆ. ದೋಣಿಯೂ ಓಲಾಡುತ್ತದೆ. ಬಿರುಗಾಳಿಯಲ್ಲಿ ಸಿಕ್ಕ ಹಾಯಿದೋಣಿಗಳೂ ಅಲೆಯಿಂದ ಅಲೆಗೆ ಜಾರಿ ಮಗುಚದಿರಲೆಂದು ಇಂಥ ಚೀಲವನ್ನೋ ಉದ್ದನೆಯ ಹಗ್ಗಗಳನ್ನೋ ಹಿಂದೆ ಬಿಡುವುದುಂಟು.

ಹಾಯಿದೋಣಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಲಸೂರು ಕೆರೆಯ ಪಕ್ಕದಲ್ಲೇ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಆ ಪಡೆಯವರು ಹಾಯಿದೋಣಿಯ ಅಭ್ಯಾಸಕ್ಕೆ ಈ ಕೆರೆಯನ್ನು ಬಳಸುತ್ತ ಬಂದಿದ್ದಾರೆ. (ಭಾರತೀಯ ಸೇನೆಯ ಇಂಜಿನಿಯರ್ ದಳದವರು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಇಡೀ ಭೂಮಿಯನ್ನೇ ಸುತ್ತಿ ಬಂದಿದ್ದರು.) ಹಾಯಿದೋಣಿಯನ್ನು ನಿಧಾನ ಮಾಡಲು ಬಕೆಟ್ ಬೇಕಿಲ್ಲ. ಹಾಯಿಯ ಹಗ್ಗ ಸಡಿಲಿಸಿದರೆ ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ, ಗಾಳಿಯ ತಳ್ಳುವಿಕೆ ತಪ್ಪುತ್ತದೆ. ಅದು ತಳ್ಳುವ ಬಲವನ್ನು ಕಡಿಮೆ ಮಾಡುವ ದಾರಿ, ಬಕೆಟ್ಟು ತಡೆಯುವ ಬಲವನ್ನು ಹೆಚ್ಚಿಸುವ ದಾರಿ.

ಮೋಟಾರು ದೋಣಿಯಲ್ಲೂ ತಳ್ಳುವ ಬಲ ಕಡಿಮೆ ಮಾಡುವ ಉಪಾಯಗಳಿವೆ. ಪ್ರೊಪೆಲರಿನ ಹಿಂದೆ ಒಂದು ಲೋಹದ ಹಲಗೆಯನ್ನು ಅಡ್ಡ ಇಳಿಸಿ ಅದು ಚಿಮ್ಮುವ ನೀರನ್ನು ತಡೆಯುತ್ತಾರೆ. ಗೇರನ್ನು ಆಗಾಗ ನ್ಯೂಟ್ರಲ್‌ಗೆ ತರುತ್ತಾರೆ. ಆಗ ಸರಾಸರಿ ವೇಗ ಇಳಿಯುತ್ತದೆ, ಆದರೆ ಗಾಳ ಎಳೆತ ಜಗ್ಗಾಟವಾಗುತ್ತದೆ. ಈಗ ಅನೇಕರು ದೊಡ್ಡ ಇಂಜಿನ್ ನಿಲ್ಲಿಸಿ ಬ್ಯಾಟರಿಯಿಂದ ನಡೆಯುವ ಚಿಕ್ಕ ಮೋಟಾರನ್ನು ಬಳಸುತ್ತಾರೆ. ಹಣವಿದ್ದರೆ ಅದೇ ಒಳ್ಳೆಯದು, ಸದ್ದೂ ಇಲ್ಲ. ಆದರೆ ವಿಜ್ಞಾನ ಕಲಿಯಲು ಬಕೆಟ್ಟೇ ಮೇಲು ಎಂದು ನನ್ನ ಅಭಿಪ್ರಾಯ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಹತ್ತಿಪ್ಪತ್ತು ಇಟ್ಟಿಗೆ, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಒಂದೇ ಅಳತೆಯ ಎರಡು ಸೋಪು ಡಬ್ಬಿ, ಹೊಲಿಗೆ ದಾರ, ಒಂದೇ ತೂಕದ ಚಿಕ್ಕ ವಾಷರುಗಳು, ಎರಡು ಖಾಲಿ ಪೆನ್ನಿನ ಕೊಳವೆ, ಟಾನಿಕ್ ಬಾಟಲಿಯ ಅಳತೆಯ ಮುಚ್ಚಳ.

ಶಾಲೆಯ ಜಗಲಿಯ ಅಂಚಿನಲ್ಲಿ ಇಟ್ಟಿಗೆಗಳನ್ನು ಆಯತಾಕಾರದಲ್ಲಿ ಜೋಡಿಸಿ. ಉದ್ದ ಒಂದೂಕಾಲು ಮೀಟರ್, ಅಗಲ ಸುಮಾರು 60 ಸೆಂಟಿಮೀಟರ್ ಇರಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಐದಾರು ಬಕೆಟ್ ನೀರು ತುಂಬಿ. (ಪ್ರಯೋಗ ಮುಗಿದ ಮೇಲೆ ಈ ನೀರು ಶಾಲಾ ತೋಟಕ್ಕೆ. ಚೆಲ್ಲಬೇಡಿ.) ಕೆರೆ, ಬಾವಿ, ಸಂಪುಗಳ ಹತ್ತಿರ ಈ ಪ್ರಯೋಗ ಬೇಡವೇ ಬೇಡ.

ಸೋಪು ಡಬ್ಬಿಗಳಿಗೆ ಸಮನಾಗಿ ಸ್ವಲ್ಪ ಮರಳು ತುಂಬಿ ತೇಲಿಬಿಡಿ. ಪ್ರತಿ ಡಬ್ಬಿಯ ಮೂತಿಗೆ ದಾರ ಕಟ್ಟಿ, ದಾರವನ್ನು ಇಟ್ಟಿಗೆಯ ಮೇಲಿಟ್ಟ ಪೆನ್ನಿನ ಕೊಳವೆಯ ಮೇಲಿಂದ ಹಾಯಿಸಿ ಜಗಲಿಯಿಂದ ಕೆಳಗೆ ಇಳಿಬಿಡಿ. ಒಂದು ದಾರಕ್ಕೆ 1 ವಾಷರ್, ಇನ್ನೊಂದಕ್ಕೆ 4 ವಾಷರ್ ಕಟ್ಟಿ. ಎರಡನ್ನೂ ಒಟ್ಟಿಗೆ ಬಿಡಿ. ಗಡಿಯಾರ ಬೇಕಿಲ್ಲ, ಇದು ಓಟದ ಪಂದ್ಯ. ನಾಲ್ಕು ವಾಷರಿನ ದೋಣಿ ಗುರಿ ಮುಟ್ಟಿದಾಗ ಒಂದು ವಾಷರಿನ ದೋಣಿ ಎಲ್ಲಿದೆ? ಕಾಲು ದಾರಿಯಲ್ಲೇ? ಸುಮಾರು ಅರ್ಧ ದಾರಿಯಲ್ಲೇ? ಐದು ಸಲ ಮಾಡಿ, ಪ್ರತಿ ಸಲವೂ ಅಳೆದು ಸರಾಸರಿ ತೆಗೆಯಿರಿ. ನಾಲ್ಕು ಪಟ್ಟು ಎಳೆದರೂ ವೇಗ ಎರಡು ಪಟ್ಟಿನ ಹತ್ತಿರವೇ ನಿಲ್ಲುವುದನ್ನು ಕಾಣುವಿರಿ.

ಈಗ ಎರಡೂ ದೋಣಿಗೆ ಒಂದೇ ಸಂಖ್ಯೆಯ ವಾಷರ್ ಕಟ್ಟಿ. ಒಂದರ ಹಿಂದೆ ಮಾತ್ರ ಟಾನಿಕ್ ಮುಚ್ಚಳವನ್ನು ಗೇಣುದ್ದದ ದಾರದಲ್ಲಿ ಕಟ್ಟಿ ಎಳೆಯಲು ಬಿಡಿ. ಮುಚ್ಚಳದ ಬಾಯಿ ದೋಣಿಯ ಕಡೆಗಿರಲಿ. ಅದು ತೇಲಿದರೆ ಒಂದು ವಾಷರನ್ನು ಅಂಟಿಸಿ ಮುಳುಗಿಸಿ. ಎಷ್ಟು ಹಿಂದೆ ಬಿತ್ತು? ಮುಚ್ಚಳವನ್ನು ತಿರುಗಿಸಿ ಬೆನ್ನು ದೋಣಿಯ ಕಡೆಗೆ ಮಾಡಿದರೆ? ತಳದಲ್ಲಿ ಚಿಕ್ಕ ತೂತು ಮಾಡಿದರೆ ಹೊಯ್ದಾಟ ಕಡಿಮೆಯಾಯಿತೇ? ದಾರವನ್ನು ಡಬ್ಬಿಯ ನಡುವಿಗೆ ಬದಲು ಒಂದು ಮೂಲೆಗೆ ಕಟ್ಟಿದರೆ ದೋಣಿ ಯಾವ ಕಡೆಗೆ ತಿರುಗಿತು?

ಈ ಕೊನೆಯ ಪ್ರಶ್ನೆಯನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ನಿಧಾನವಾದ ದೋಣಿ ಚುಕ್ಕಾಣಿಯ ಮಾತನ್ನೂ ಕೇಳುವುದಿಲ್ಲ. ಚುಕ್ಕಾಣಿಯ ಮೂಲಕ ದೋಣಿಯನ್ನು ತಿರುಗಿಸುವುದೂ ನೀರಿನ ಬಲವೇ ಅಲ್ಲವೇ? ವೇಗ ಅರ್ಧವಾದರೆ ಆ ಬಲವೂ ಕಾಲು ಭಾಗ. ಆದ್ದರಿಂದ ಬಕೆಟ್ ಕಟ್ಟುವವರು ಎರಡೂ ಬದಿಗೆ ಒಂದೊಂದು ಕಟ್ಟುತ್ತಾರೆ. ಹಗ್ಗ ಪ್ರೊಪೆಲರಿಗೆ ಎಟುಕದಷ್ಟು ಗಿಡ್ಡವಾಗಿರಬೇಕು. ರಿವರ್ಸ್ ಗೇರ್ ಹಾಕುವ ಮೊದಲು ಬಕೆಟ್ಟನ್ನು ಮೇಲೆತ್ತಿಕೊಳ್ಳಬೇಕು. ಹಗ್ಗ ಸುತ್ತಿಕೊಂಡರೆ ಇಂಜಿನ್ ನಿಂತು ದೋಣಿ ಗಾಳಿಯ ಪಾಲಾಗುತ್ತದೆ.

ದಡಕ್ಕೆ ಬರುವ ದೋಣಿ

ಈಗ ಕಟ್ಟೆಯ ಕಡೆಗೆ ಬರುತ್ತಿದ್ದ ಆ ದೋಣಿಯನ್ನು ನೋಡೋಣ. ಇಂಜಿನ್ ನ್ಯೂಟ್ರಲ್‌ಗೆ ಬಂದಿದೆ, ವೇಗ ಗಂಟೆಗೆ 8 ಕಿಲೋಮೀಟರ್. ಅದು 4ಕ್ಕೆ ಇಳಿಯಲು 10 ಮೀಟರ್ ಸಾಗಿತು ಎಂದುಕೊಳ್ಳಿ. 4ರಿಂದ 2ಕ್ಕೆ ಇಳಿಯಲು ಎಷ್ಟು ಸಾಗುತ್ತದೆ? ಮತ್ತೆ 10 ಮೀಟರ್. 2ರಿಂದ 1ಕ್ಕೆ? ಮತ್ತೂ 10 ಮೀಟರ್. ಸಮಯವೋ ಪ್ರತಿ ಸಲವೂ ಇಮ್ಮಡಿಯಾಗುತ್ತದೆ: ಸುಮಾರು ಆರೂವರೆ ಸೆಕೆಂಡ್, 13 ಸೆಕೆಂಡ್, 26 ಸೆಕೆಂಡ್. ಹೊರಗಿನಿಂದ ನೋಡುವವರಿಗೆ ‘ದೋಣಿ ನಿಂತೇ ಹೋಯಿತು’ ಎನಿಸುತ್ತದೆ. ಅದು ನಿಂತಿಲ್ಲ, ತೆವಳುತ್ತಲೇ ಇದೆ. ಅನುಭವಿಗಳಾದ ನಾವಿಕರು ಬಹಳ ಮೊದಲೇ ಇಂಜಿನ್ ತಗ್ಗಿಸಿ, ಕೊನೆಗೆ ರಿವರ್ಸ್ ಗೇರ್ ಹಾಕಿ ನಿಲ್ಲಿಸುವುದು ಇದಕ್ಕೇ.

ಇಂಥ ಹೊತ್ತಿನಲ್ಲಿ ದೋಣಿಯಲ್ಲಿ ಕೂತ ಮಕ್ಕಳು ಮಾಡುವ ಕೆಲಸವೊಂದಿದೆ. ಕಟ್ಟೆ ಹತ್ತಿರ ಬಂದ ಕೂಡಲೇ ಕೈಯನ್ನೋ ಕಾಲನ್ನೋ ಹೊರಚಾಚಿ ದೋಣಿಯನ್ನು ತಡೆಯಲು ಹೋಗುತ್ತಾರೆ. ಎಂಟು ಜನ ಕೂತ ದೋಣಿಯ ಒಟ್ಟು ತೂಕ 800 ಕಿಲೋ ಇರಲಿ, ವೇಗ ಸೆಕೆಂಡಿಗೆ ಒಂದೇ ಮೀಟರ್ ಇರಲಿ. ಅದನ್ನು 10 ಸೆಂಟಿಮೀಟರಿನೊಳಗೆ ನಿಲ್ಲಿಸಲು ಬೇಕಾದ ಬಲ 400 ಕಿಲೋ ತೂಕದಷ್ಟು, ಎಂಟು ಸಿಮೆಂಟ್ ಮೂಟೆ! ಆ ಎಂಟು ಮೂಟೆ ಮತ್ತು ಕಲ್ಲಿನ ಕಟ್ಟೆಯ ನಡುವೆ ನಿಮ್ಮ ಬೆರಳು. ಕಟ್ಟೆಗೆ ಹಳೆಯ ಟೈರು ನೇತುಹಾಕಿರುವುದು ಆ ಕೆಲಸಕ್ಕೇ. ದೋಣಿಗೆ ಹತ್ತಿದಾಗ ಜೀವರಕ್ಷಕ ಅಂಗಿಯ ಗುಂಡಿ ಹಾಕಿಕೊಂಡು, ಕೈಕಾಲು ಒಳಗಿಟ್ಟುಕೊಂಡು, ಹಗ್ಗ ಕಟ್ಟುವವರೆಗೆ ಕೂತೇ ಇರಿ.

ಶಿಕ್ಷಕರ ಗಮನಕ್ಕೆ

ಚಿಕ್ಕ ದೋಣಿ ಎಬ್ಬಿಸುವ ಅಲೆ, ದಾರದ ಘರ್ಷಣೆಗಳಿಂದ ಪಂದ್ಯದ ಫಲಿತಾಂಶ ಸರಿಯಾಗಿ ಅರ್ಧಕ್ಕೆ ಬರಲಾರದು. ಅರ್ಧಕ್ಕಿಂತ ತುಸು ಹಿಂದೆ ಉಳಿಯುವುದೇ ಹೆಚ್ಚು. ದೋಣಿ ಹೊರಡುವಾಗ ವೇಗ ಹಿಡಿಯಲು ತೆಗೆದುಕೊಳ್ಳುವ ಸಮಯವೂ ಇದಕ್ಕೆ ಕಾರಣ. ಸಂಖ್ಯೆಯನ್ನು ತಿದ್ದದೆ ಬಂದದ್ದನ್ನೇ ಹಲಗೆಯ ಮೇಲೆ ಬರೆಯಿಸಿ.

ದೋಣಿಯ ವೇಗ ಅಳೆಯುವ ಮಾನಕ್ಕೆ ‘ನಾಟ್’ ಎಂಬ ಹೆಸರು ಬಂದದ್ದನ್ನೂ ಮಕ್ಕಳಿಗೆ ಹೇಳಬಹುದು. ಆ ಪದದ ಅರ್ಥ ಗಂಟು. ಹಿಂದಿನ ನಾವಿಕರು ಹಗ್ಗದಲ್ಲಿ ಸುಮಾರು 14.4 ಮೀಟರಿಗೊಂದು ಗಂಟು ಹಾಕಿ, ತುದಿಗೆ ಮರದ ಹಲಗೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಡುತ್ತಿದ್ದರು. ನೀರಿನ ರೋಧದಿಂದ ಹಲಗೆ ಇದ್ದಲ್ಲೇ ನಿಲ್ಲುತ್ತಿತ್ತು, ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈದಾಟಿದವೋ ಅಷ್ಟು ನಾಟ್. 14.4 ಮೀಟರನ್ನು 28 ಸೆಕೆಂಡಿನಿಂದ ಭಾಗಿಸಿ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿ. 1.85ರ ಹತ್ತಿರ ಬರಬೇಕು.